ತಲಕಾವೇರಿಗೆ ಕಾಲ್ನಡಿಗೆ



ಬೆಟ್ಟದ ಮೇಲಣ ಪುಣ್ಯಸರೋವರವೆಂದೊಡನೆ ಮನಸ್ಸು ಹಿಮಾಲಯದಾಚೆಯ ಮಾನಸಸರೋವರಕ್ಕೆ ಹಾರುತ್ತದೆ. ಸಮುದ್ರಮಟ್ಟದಿಂದ ಸುಮಾರು 4,590 ಮೀಟರ್ ಎತ್ತರದಲ್ಲಿರುವ ಆ ತೀರ್ಥದ ದರ್ಶನ ಎಲ್ಲರಿಗೂ ಲಭಿಸತಕ್ಕದ್ದಲ್ಲ. ಬಡವ ಬಲ್ಲಿದರೆಂಬ ಭೇದವಿಲ್ಲದೆ ನಮ್ಮವರೆಲ್ಲರೂ ಏರಬಹುದಾದ ತೀರ್ಥವೊಂದು ಕೊಡಗಿನಲ್ಲಿದೆ. ಬ್ರಹ್ಮಗಿರಿಯ ಮಗ್ಗುಲಲ್ಲಿ, ಸುಮಾರು 1,276 ಮೀಟರ್ ಎತ್ತರದಲ್ಲಿ, ಒಂದು ಕೊಳ; ಅದರ ಪಕ್ಕದಲ್ಲಿ ಒಂದು ಪುಟ್ಟ ಕುಂಡಿಕೆ. ಅದೇ ತಲಕಾವೇರಿ. ಅಲ್ಲಿಗೆ ನಾವು ಮಾಡಿದ ಯಾತ್ರೆಯೊಂದನ್ನು ಇಂದು ನಿಮ್ಮ ಮುಂದೆ ನಿವೇದಿಸುತ್ತೇವೆ.

ನಾವು ಹಾಸನ ತಾಲ್ಲೂಕಿನ ಕಟ್ಟಾಯದವರು. ನಮ್ಮ ಸೀಮೆಯ ಹೊಳೆ ಹೇಮಾವತಿ. ಅವಳು ಗೊರೂರಿನ ಅಣೆಕಟ್ಟನ್ನು ದಾಟಿ ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಾವೇರೀಸ್ನಾನ ಬೇಕೆಂದಾಗ ನಮ್ಮವರು ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ ತೃಪ್ತರಾಗುತ್ತಾರೆ. ಆದರೆ 2024ನೆಯ ಇಸವಿಯ ತುಲಾ ಸಂಕ್ರಮಣಕ್ಕೆ ನಾವು ನಾಲ್ವರು ಅಧ್ಯಾಪಕರು ಮೂಲಕ್ಕೇ ಹೊರಟೆವು. ಸುದ್ದಿ ತಿಳಿದ ನೆರೆಮನೆಯ ಅಜ್ಜಿ ತಾಮ್ರದ ಗಿಂಡಿಯೊಂದನ್ನು ಹಿಡಿದು ಬಂದು, "ನನ್ನನ್ನೂ ಕರಕೊಂಡು ಹೋಗಿ, ಮೇಷ್ಟ್ರೇ" ಎಂದರು. ವಯಸ್ಸು ಎಪ್ಪತ್ತು ದಾಟಿತ್ತು. ಅವರ ಯಜಮಾನರು ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ವೈದ್ಯರು ಆಸೆ ಬಿಟ್ಟಿದ್ದರು. ಮೂಲದ ತೀರ್ಥ ತುಟಿಗೆ ಸೋಕಬೇಕೆಂಬುದೊಂದೇ ಆ ಹಿರಿಯರ ಬಯಕೆ. ಬೆಟ್ಟವನ್ನು ನಡೆದೇ ಏರುವುದಾಗಿ ಅಜ್ಜಿ ಹರಕೆ ಹೊತ್ತಿದ್ದರು.

ಕಾವೇರಿಯೂ ಕನ್ನಿಕೆಯೂ ಗುಪ್ತಗಾಮಿನಿಯಾದ ಸುಜ್ಯೋತಿಯೂ ಕೂಡುವ ಭಾಗಮಂಡಲದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದೆವು. ಅಲ್ಲಿಂದ ಮೇಲಕ್ಕೆ ಸುಮಾರು ಎಂಟು ಕಿಲೋಮೀಟರ್ ಏರು. ಮೋಟಾರುಗಳು ಹೋಗುತ್ತವೆ. ಮನೆಯಲ್ಲಿ ಅಂತಹ ರೋಗಿಯನ್ನು ಬಿಟ್ಟು ಬಂದವರು ಬೇಗ ಹೋಗಿ ಬೇಗ ಹಿಂದಿರುಗಬಾರದೆ ಎಂದು ನಾವು ವಾದಿಸಿದೆವು. ಅಜ್ಜಿ ಉತ್ತರ ಕೊಡದೆ ನಡೆಯತೊಡಗಿದರು. ನಾವೂ ಹಿಂಬಾಲಿಸಿದೆವು.

ಆಗ ರಾತ್ರಿ ಎರಡು ಗಂಟೆ. ದೀಪದ ಬೆಳಕಿಗೆ ನಾಲ್ಕು ಮಾರು ದಾರಿ ಮಾತ್ರ ಕಾಣುತ್ತಿತ್ತು. ಕತ್ತಲೆಯಲ್ಲಿ ಎಲ್ಲ ಕಡೆಯಿಂದಲೂ ಕೇಳಿಬರುತ್ತಿದ್ದುದು ನೀರಿನ ಸದ್ದು. ಒಂದೊಂದು ತಿರುವಿಗೂ ಅಜ್ಜಿ ಕುಳಿತು ಸುಧಾರಿಸಿಕೊಳ್ಳುವರು. ನಾವು ಗಡಿಯಾರ ನೋಡಿಕೊಳ್ಳುವೆವು. ತೀರ್ಥೋದ್ಭವಕ್ಕೆ ಗೊತ್ತಾಗಿದ್ದ ಮುಹೂರ್ತ ಅಕ್ಟೋಬರ್ 17ರ ಬೆಳಿಗ್ಗೆ 7 ಗಂಟೆ 40 ನಿಮಿಷ. ಸೂರ್ಯನು ತುಲಾರಾಶಿಯನ್ನು ಪ್ರವೇಶಿಸುವ ಆ ಗಳಿಗೆಯಲ್ಲಿ ಕುಂಡಿಕೆಯ ನೀರು ಉಕ್ಕುವುದೆಂದು ಭಕ್ತರ ನಂಬಿಕೆ. ಮಳೆಗಾಲ ಮುಗಿಯುತ್ತ ಬಂದಿರುವಾಗ ಬೆಟ್ಟದೊಳಗಣ ಒರತೆಗಳು ತುಂಬಿರುವುದು ಸಹಜವೆಂದು ನಮ್ಮೊಳಗಿನ ವಿಜ್ಞಾನದ ಅಧ್ಯಾಪಕರು ದಾರಿಯುದ್ದಕ್ಕೂ ವಿವರಿಸುತ್ತಿದ್ದರು.

ಮೇಲೆ ತಲಪಿದಾಗ ಜನಸಾಗರ. ಮುಹೂರ್ತಕ್ಕೆ ಜಯಘೋಷವೆದ್ದಿತು. ನಮಗೆ ಕಂಡುದು ಮುಂದಿನವರ ಬೆನ್ನು ಮಾತ್ರ. ಅಜ್ಜಿ ಗಿಂಡಿಯನ್ನು ಮೇಲಕ್ಕೆತ್ತಿ ಹಿಡಿದರು. ಯಾರೋ ಅದನ್ನು ತೆಗೆದುಕೊಂಡರು. ಕೈಯಿಂದ ಕೈಗೆ ಸಾಗಿ ಅದು ಕಣ್ಮರೆಯಾಯಿತು. ಕಳೆದೇ ಹೋಯಿತೆಂದು ನಾವು ಕಳವಳಗೊಂಡೆವು. ಬಹಳ ಹೊತ್ತಿನ ಮೇಲೆ ಅದೇ ಗಿಂಡಿ, ತುಂಬಿಕೊಂಡು, ತಲೆಗಳ ಮೇಲಿಂದಲೇ ಹಿಂದಿರುಗಿತು. ತಂದುಕೊಟ್ಟವರ ಮುಖವನ್ನೂ ನಾವು ಕಾಣಲಿಲ್ಲ. "ನೀರು ಎದ್ದದ್ದು ನೋಡಲಾಗಲಿಲ್ಲವಲ್ಲ, ಅಜ್ಜಿ" ಎಂದೆವು. "ರಾತ್ರಿಯೆಲ್ಲಾ ಕೇಳಿಕೊಂಡೇ ಬಂದೆವಲ್ಲ, ಮೇಷ್ಟ್ರೇ" ಎಂದರು.

ಆ ಮಾತಿನ ಅರ್ಥ ನಮಗೆ ಇಳಿಯುವಾಗ, ಹಗಲಿನ ಬೆಳಕಿನಲ್ಲಿ, ತಿಳಿಯಿತು. ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ದಟ್ಟವಾದ ಕಾಡು. ಬಂಡೆಯ ಸಂದಿನಿಂದ, ಬೇರಿನ ಬುಡದಿಂದ, ಪಾಚಿಯ ತುದಿಯಿಂದ ನೀರು ಜಿನುಗುತ್ತಿತ್ತು. ಮುಂಗಾರಿನ ಮಳೆಯನ್ನು ಹುಲ್ಲೂ ತರಗೆಲೆಯ ಮಣ್ಣೂ ಹೀರಿಟ್ಟುಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ. ಸುಮಾರು 800 ಕಿಲೋಮೀಟರ್ ಹರಿಯುವ ನದಿ ಒಂದು ಕುಂಡಿಕೆಯಿಂದಲೇ ಹುಟ್ಟಿದುದಲ್ಲ; ಇಡೀ ಬೆಟ್ಟವೇ ಅವಳ ಕುಂಡಿಕೆ. ಆ ಬೆಟ್ಟಕ್ಕೂ ತಾಳ್ಮೆಯ ಮಿತಿಯುಂಟು. 2020ನೆಯ ಆಗಸ್ಟ್ ತಿಂಗಳ ಮಹಾವೃಷ್ಟಿಯಲ್ಲಿ ಇಲ್ಲಿಯೇ ಗುಡ್ಡ ಕುಸಿದು, ದೇವಾಲಯದ ಪ್ರಧಾನ ಅರ್ಚಕರೂ ಸೇರಿ ಐವರು ಮಣ್ಣುಪಾಲಾದರು. ದೇವರ ಸನ್ನಿಧಿಯೆಂದು ಮಣ್ಣು ತನ್ನ ಧರ್ಮವನ್ನು ಬಿಡುವುದಿಲ್ಲ.

ಮೋಟಾರಿನಲ್ಲಿ ಹೋಗಿದ್ದರೆ ಕುಂಡಿಕೆಯೊಂದನ್ನೇ ಕಂಡು ಬರುತ್ತಿದ್ದೆವು. ಬೆಟ್ಟವನ್ನು ಕಾಣಿಸಿದುದು ಅಜ್ಜಿಯ ಹರಕೆ.

ಅಂದು ರಾತ್ರಿಯೇ ಕಟ್ಟಾಯವನ್ನು ಸೇರಿದೆವು. ಹಿರಿಯರಿಗೆ ಇನ್ನೂ ಎಚ್ಚರವಿತ್ತು. ಮೂರು ಉದ್ಧರಣೆ ತೀರ್ಥವನ್ನು ನುಂಗಿ, "ತಣ್ಣಗಿದೆ" ಎಂದರು. ನಾಲ್ಕನೆಯ ದಿನ ಅವರು ತೀರಿಕೊಂಡರು. ಗಿಂಡಿಯಲ್ಲಿ ಉಳಿದ ತೀರ್ಥವನ್ನು ಅಜ್ಜಿ ಕೇರಿಯ ಮನೆಮನೆಗೂ ಹಂಚಿದರು. ನಮ್ಮ ಮನೆಗೂ ಒಂದು ಉದ್ಧರಣೆಯಷ್ಟು ಬಂದಿತು. ವಿಜ್ಞಾನದ ಅಧ್ಯಾಪಕರೂ ಕೈಯೊಡ್ಡಿದರು.

ಶ್ರೋತೃಗಳಲ್ಲಿ ಯಾರಾದರೂ ಮುಂದಿನ ಸಂಕ್ರಮಣಕ್ಕೆ ಹೊರಡುವುದಾದರೆ, ಕಾಲಿನಲ್ಲಿ ಶಕ್ತಿಯಿದ್ದರೆ ನಡೆದು ಹೋಗಿರಿ. ಕೈಯಲ್ಲಿ ಚಿಕ್ಕದೊಂದು ಪಾತ್ರೆಯಿರಲಿ. ಅಷ್ಟು ನೀರು ಒಂದು ಕೇರಿಗೆ ಸಾಲುತ್ತದೆ.