ಹಲಗೆಯ ಹಾದಿ, ಪಾಚಿಯ ನೆಲ

ಐರ್ಲೆಂಡಿನ ಆಫಲಿ ಪ್ರಾಂತದ ಕ್ಲಾರಾ ಜೌಗುನೆಲ 1987ರಿಂದ ರಕ್ಷಿತ ನಿಸರ್ಗಧಾಮ. ಅಲ್ಲಿ ಹಾಸಿದ ಹಲಗೆಯ ಹಾದಿಯಲ್ಲಿ ನನ್ನಂಥ ವಯಸ್ಸಾದವನೂ ಆಯಾಸವಿಲ್ಲದೆ ನಡೆದೆ. ಇಕ್ಕೆಲದಲ್ಲಿ ಅಂಟುಹನಿಗಳಿಂದ ಕೀಟ ಹಿಡಿಯುವ ಪುಟ್ಟ ಕೆಂಪು ಗಿಡಗಳು. ಕೆಳಗಿರುವುದು ಬರಿಯ ಮಣ್ಣಲ್ಲ. ನೀರು ನಿಂತು ಗಾಳಿಯಾಡದೆ, ಪೂರ್ತಿ ಕೊಳೆಯದೆ ಉಳಿದ ಸ್ಫಾಗ್ನಂ ಪಾಚಿ. ಇದೇ ಪೀಟ್. ಇದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೊಳ ಅಗೆದರೆ ಸುಮಾರು 450 ವರ್ಷ ಹಿಂದಕ್ಕೆ ಹೋದಂತೆ.

ಐರಿಷ್ ರೈತರು ಇದನ್ನೇ ಕಡಿದು, ಒಣಗಿಸಿ, ಚಳಿ ಕಾಯಿಸಿಕೊಂಡರು. ಬಡವರ ಆ ಒಲೆಯನ್ನು ಹಳಿಯುವುದು ನ್ಯಾಯವಲ್ಲ. ಆದರೆ ಭೂಭಾಗದ ಸುಮಾರು ಶೇಕಡಾ 3ರಷ್ಟೇ ಇರುವ ಪೀಟ್ ನೆಲ, ಜಗತ್ತಿನ ಕಾಡುಗಳೆಲ್ಲ ಸೇರಿ ಹಿಡಿದಿಟ್ಟದ್ದಕ್ಕಿಂತ ಹೆಚ್ಚು ಇಂಗಾಲವನ್ನು ಕಾದಿರಿಸಿದೆ. ಒಂದು ಸಂಜೆಯಲ್ಲಿ ಉರಿದುಹೋದದ್ದು ಮತ್ತೆ ಕೂಡಿಬರಲು ಶತಮಾನಗಳು ಬೇಕು. ಉರುವಲೆಂದು ಕರೆದಾಗ ಈ ಲೆಕ್ಕ ಮರೆಯುತ್ತದೆ. ಮೆಲ್ಲನೆ ನಡೆದಾಗ ನೆನಪಾಗುತ್ತದೆ.