ಹಾಸಿಗೆ ಉದ್ದವಾದ ಮೇಲೆ

ಹೋದ ವಾರ ಅಕ್ಕನ ಜೊತೆ ಮೈಸೂರು ಸಿಲ್ಕ್ ಅಂಗಡಿಗೆ ಹೋಗಿದ್ದೆ. ಅಲ್ಲಿ ನಾನು ಆಡಿದ ಒಂದು ಮಾತು ಇನ್ನೂ ಮನಸ್ಸನ್ನು ಕೊರೆಯುತ್ತಿದೆ.

ಭಾವನ ಕಾರ್ಖಾನೆ ಬಾಗಿಲು ಹಾಕಿದಾಗ ಅಕ್ಕನ ಮಕ್ಕಳಿಬ್ಬರೂ ಪ್ರೈಮರಿ ಶಾಲೆಯಲ್ಲಿದ್ದರು. ಅಲ್ಲಿಂದ 18 ವರ್ಷ, ಹೊಲಿಗೆ ಮಷಿನ್ ತುಳಿದು, ಚೀಟಿ ಕಟ್ಟಿ ಮನೆ ನಡೆಸಿದಳು. ದಿನಾ ರಾತ್ರಿ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆಯುವಳು: ಹಾಲು, ಸೊಪ್ಪು, ಮಗಳ ಬಸ್ ಪಾಸು, ದಿನಸಿ ಅಂಗಡಿಯ ಉದ್ರಿ. ಅವಳದೇ ಅಂತ ಒಂದು ಬಾಬ್ತನ್ನು ಅದರಲ್ಲಿ ನಾನು ಕಂಡದ್ದಿಲ್ಲ. ಈಗ ಮಕ್ಕಳು ದುಡಿಯುತ್ತಿದ್ದಾರೆ. ಮನೆ ಸಾಲದ ಕೊನೇ ಕಂತೂ ತೀರಿತು.

ಮೈಸೂರು ಸಿಲ್ಕ್ ಸೀರೆ 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯದು. ಜರಿಯಲ್ಲಿ ಬೆಳ್ಳಿ, ಮೇಲೆ ಚಿನ್ನದ ಲೇಪ. ಮದುವೆ ಮನೆಗಳಲ್ಲಿ ಹೆಂಗಸರು ಸೆರಗು ಹಿಡಿದು, ಜರಿ ಸವರಿ ಗುರುತು ಹಿಡಿಯುತ್ತಾರಲ್ಲ, ಅಕ್ಕ ಹಾಗೆ ಬೇರೆಯವರ ಸೆರಗು ಮುಟ್ಟಿಯೇ ಇಷ್ಟು ವರ್ಷ ಕಳೆದವಳು.

ಅವತ್ತು ಮಾವಿನ ಚಿಗುರಿನ ಬಣ್ಣದ್ದೊಂದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡಿದಳು. ಬೆಲೆ 20 ಸಾವಿರ ದಾಟಿತ್ತು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಎಷ್ಟು ಸಿಲಿಂಡರ್, ಎಷ್ಟು ಮೂಟೆ ಅಕ್ಕಿ ಅಂತ ಎಣಿಸುತ್ತಿದ್ದಳೋ ಏನೋ. ಆಗ ನಾನಂದೆ, "ಇಷ್ಟು ದುಡ್ಡು ಕೊಟ್ಟು... ಬೇಕೇ ಬೇಕಾ ಅಕ್ಕ?"

"ಬೇಕು ಅಂತೇನಿಲ್ಲ ಬಿಡೋ" ಅಂದಳು. ಸೀರೆಯನ್ನು ಇದ್ದ ಮಡಿಕೆಯಲ್ಲೇ ಮಡಿಸಿಟ್ಟಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ನಮ್ಮಮ್ಮನ ನಿತ್ಯದ ಮಾತು. ಒಳ್ಳೆಯ ಮಾತೇ. ಕಂತಿನಲ್ಲಿ ಫೋನು ತರುವ ಹುಡುಗರಿಗೆ ನಾನೂ ಹೇಳುತ್ತೇನೆ. ಆದರೆ ಆ ಗಾದೆಯಲ್ಲಿ 'ಚಾಚು' ಅಂತಲೂ ಇದೆ ನೋಡಿ. ನಾವು ಮಾತ್ರ 'ಮಡಚಿಕೋ' ಅಂತಲೇ ಕೇಳಿಸಿಕೊಂಡೆವು. ಮೋಟು ಹಾಸಿಗೆಯಲ್ಲಿ ವರ್ಷಗಟ್ಟಲೆ ಮುದುರಿ ಮಲಗಿದವರ ಮಂಡಿ, ಹಾಸಿಗೆ ಉದ್ದವಾಯಿತೆಂದು ಒಂದೇ ಸಲಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಅಂತೂ ಒಂದು ದಿನ ಬಿಚ್ಚಲು ನೋಡಿದವಳ ಮಂಡಿಯನ್ನು ನಾನೇ ಒತ್ತಿ ಹಿಡಿದೆ. ನಾನು ಬೈಕು ಕೊಳ್ಳುವಾಗ ಬೇಕೇ ಬೇಕಾ ಅಂತ ಯಾರೂ ಕೇಳಿರಲಿಲ್ಲ. ಅದಕ್ಕೆ ಕಡಿಮೆ ಬಿದ್ದ ದುಡ್ಡು ಬಂದದ್ದು ಅಕ್ಕನ ಚೀಟಿಯಿಂದ.

ಮಂಗಳವಾರ ಅವಳೇ ಫೋನು ಮಾಡಿದಳು. ಒಬ್ಬಳೇ ಹೋಗಿ, ಬೆಳಿಗ್ಗೆಯೇ ಸಾಲಿನಲ್ಲಿ ನಿಂತು ತಂದಳಂತೆ. ಅದೇ ಸೀರೆ ಸಿಗಲಿಲ್ಲವಂತೆ, ಅದರ ತಂಗಿಯಂಥದ್ದು ಸಿಕ್ಕಿತಂತೆ. "ಕುಚ್ಚು ಹಾಕೋಳು 600 ಕೇಳ್ತಾಳೆ ಕಣೋ, ಅನ್ಯಾಯ! ನಾನೇ ಹಾಕ್ಕೋತೀನಿ. ದಾರ ನೀನು ತಂದ್ಕೊಡು."

ಬಣ್ಣ ತಪ್ಪಬಾರದು ಅಂತ ಸೆರಗಿನ ತುದಿಯಿಂದ ಒಂದೆಳೆ ಬಿಡಿಸಿ, ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾಳೆ. ಈಗ ಅದು ನನ್ನ ಜೇಬಿನಲ್ಲಿದೆ. ದಾರದ ಅಂಗಡಿ ಬಾಗಿಲು ತೆಗೆಯುವುದು ಹತ್ತು ಗಂಟೆಗೆ.