ಪರದೆ ಎಳೆಯುವವನ ಪ್ರಾಣ
(ಮಿಲ್ ಕೆಲಸಗಾರರ ನಾಟಕ ಮಂಡಳಿಯವರು ಕರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮಂಡಳಿಯವರು ನಮ್ಮನ್ನು ಕರೆಯಲು ಬಂದಾಗ, ಮುಂದಿನ ತಿಂಗಳು ಆಡುವ ನಾಟಕದ ಬಗ್ಗೆ ನಾಲ್ಕು ಉತ್ತೇಜನದ ಮಾತು ಆಡಿದರೆ ಸಾಕು ಎಂದಿದ್ದರು. ನಾವು ಒಪ್ಪಿಕೊಂಡೆವು. ಆದರೆ ಮನೆಗೆ ಹೋಗಿ ಯೋಚಿಸಿದಾಗ, ಪಾತ್ರಧಾರಿಗಳಿಗೆ ಉತ್ತೇಜನ ಕೊಡಲು ಊರೆಲ್ಲ ಇದೆ, ಹಾರ ಹಾಕುವವರಿದ್ದಾರೆ, ಶಿಳ್ಳೆ ಹೊಡೆಯುವವರಿದ್ದಾರೆ, ನಮ್ಮದೊಂದು ಅಲ್ಲಿ ಬೇಕಾಗಿಲ್ಲ ಎನಿಸಿತು. ಆದ್ದರಿಂದ ಈ ದಿನ ನಾವು ಮಾತನಾಡುವುದು ಪರದೆ ಎಳೆಯುವವನನ್ನು ಕುರಿತು, ಬೊಂಬಿನ ಮೇಲೆ ಹತ್ತಿ ದೀಪ ಕಟ್ಟುವವನನ್ನು ಕುರಿತು. ಹ್ಯಾಂಡ್‌ಬಿಲ್ಲಿನಲ್ಲಿ ಅವನ ಹೆಸರು ಇರುವುದಿಲ್ಲ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ನಾವು ಮೇಷ್ಟರ ಕೆಲಸದಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದ ರಂಗಮಂಚದ ಉಸ್ತುವಾರಿ ನಮ್ಮದೇ ಆಗಿತ್ತು. ಸಂಜೆ ಆರು ಗಂಟೆ. ಅತಿಥಿಗಳು ಬಂದು ಕುಳಿತಿದ್ದಾರೆ. ಬಲಗಡೆಯ ದೀಪ ಹತ್ತುತ್ತಿಲ್ಲ. ಏಳನೆಯ ತರಗತಿಯ ಒಬ್ಬ ಹುಡುಗ, ಮರ ಹತ್ತುವುದರಲ್ಲಿ ಚುರುಕು, "ನಾನು ನೋಡ್ತೀನಿ ಸಾರ್" ಎಂದ. ನಾವು "ಬೇಗ ಮಾಡಪ್ಪಾ" ಎಂದೆವು. ಮೇನ್ ಸ್ವಿಚ್ಚು ತೆಗೆಯಬೇಕೆಂಬುದು ನಮಗೆ ತಿಳಿಯದ ಮಾತಲ್ಲ. ತೆಗೆದರೆ ಮೈಕು ನಿಲ್ಲುತ್ತದೆ, ಅತಿಥಿಗಳ ಭಾಷಣ ನಿಲ್ಲುತ್ತದೆ ಎಂದು ತೆಗೆಯಲಿಲ್ಲ. ವೈರಿನ ತುದಿಯಲ್ಲಿ ಟೇಪು ಸುತ್ತದೆ ಬಿಟ್ಟ ಜಾಗಕ್ಕೆ ಅವನ ಕೈ ತಾಗಿತು. ಹುಡುಗ ಕೆಳಗೆ ಬಿದ್ದ. ಬಿದ್ದದ್ದೇ ಪುಣ್ಯವಾಯಿತು, ತಂತಿಗೆ ಅಂಟಿಕೊಂಡಿದ್ದರೆ ಉಳಿಯುತ್ತಿರಲಿಲ್ಲ. ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಅವನ ತಾಯಿ ಬಂದು ನಮ್ಮನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆಕೆ "ನಿಮ್ಮಿಂದ ಏನಾಯ್ತು ಮೇಷ್ಟ್ರೆ, ಅವನ ಹಣೆಬರಹ" ಎಂದರು.

ಹಣೆಬರಹ ಎಂಬ ಈ ಮಾತನ್ನು ಮಿಲ್ಲಿನಲ್ಲಿ ನೀವು ಎಂದೋ ಬಿಟ್ಟಿದ್ದೀರಿ. ಬೆಲ್ಟಿಗೆ ಕೈ ಸಿಕ್ಕರೆ ನಿಮ್ಮ ತಾತನ ಕಾಲದಲ್ಲಿ ಹಣೆಬರಹ ಎನ್ನುತ್ತಿದ್ದರು. 1948ರಲ್ಲಿ ಕಾರ್ಖಾನೆ ಕಾಯಿದೆ ಬಂತು. ತಿರುಗುವ ಯಂತ್ರಕ್ಕೆ ಗಾರ್ಡು ಇರಬೇಕು, ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿ ಇರಬೇಕು, ಆ ದಾರಿಯನ್ನು ಕೆಲಸಗಾರನಿಗೆ ಮೊದಲೇ ತೋರಿಸಿರಬೇಕು ಎಂದು ಬರೆದರು. ಬರೆದದ್ದೆಲ್ಲ ನಡೆಯಿತೆಂದು ನಾವು ಹೇಳುತ್ತಿಲ್ಲ. ಗಾರ್ಡು ಇಲ್ಲದಿದ್ದರೆ ಕೇಳುವುದಕ್ಕೊಂದು ಬಾಯಿ ಬಂತು. ಪರದೆಯ ಹಿಂದೆ ಆ ಬಾಯಿ ಇನ್ನೂ ಬಂದಿಲ್ಲ. ಹಳೆಯ ಕಾಯಿದೆಗಳನ್ನೆಲ್ಲ ಸೇರಿಸಿ 2020ರಲ್ಲಿ ಪಾರ್ಲಿಮೆಂಟಿನಲ್ಲಿ ಒಂದು ಸಂಹಿತೆ ಮಾಡಿದರು. ಅದು ಹತ್ತು ಜನ ಕೆಲಸಗಾರರಿರುವ ಸಂಸ್ಥೆಯಿಂದ ಮೇಲಕ್ಕೆ ಲೆಕ್ಕ ಹಿಡಿಯುತ್ತದೆ. ನಾಲ್ಕು ಜನ ದಿನಗೂಲಿಗಳನ್ನು ಕರೆದು ಮಧ್ಯಾಹ್ನ ಕಟ್ಟಿಸಿ ಬೆಳಗಿನ ಜಾವ ಬಿಚ್ಚಿಸುವ ಪೆಂಡಾಲಿನವನಿಗೆ ಅದರ ಬಿಸಿ ತಾಗುವುದಿಲ್ಲ.

ಈಗ ಒಂದು ಲೆಕ್ಕ. ಅಂಗಡಿಯವರು ಮನಸ್ಸಿನಲ್ಲೇ ಮಾಡಬಹುದು. ಸಾವಿರ ವ್ಯಾಟಿನ ಒಂದು ದೀಪ 230 ವೋಲ್ಟಿನಲ್ಲಿ ನಾಲ್ಕೂಕಾಲು ಆಂಪಿಯರಿಗಿಂತ ತುಸು ಹೆಚ್ಚು ಎಳೆಯುತ್ತದೆ. ಅಂಥ ಎಂಟು ದೀಪ ಎಂದರೆ ಸುಮಾರು 35 ಆಂಪಿಯರು. ದೊಡ್ಡ ಪವರ್ ಪ್ಲಗ್ಗು ತಡೆಯುವುದು 16. ಅಂದರೆ ಒಂದು ಪ್ಲಗ್ಗಿಗೆ ಮೂರು ದೀಪ ಮಾತ್ರ. ನಮ್ಮಲ್ಲಿ ಎಂಟನ್ನೂ ಒಂದಕ್ಕೇ ಸಿಕ್ಕಿಸುತ್ತಾರೆ, ಫ್ಯೂಸು ಹೋಗುತ್ತದೆ, ಯಾರೋ ಜಾಣ ದಪ್ಪ ತಾಮ್ರದ ತಂತಿಯನ್ನು ಎರಡು ಸುತ್ತು ಸುತ್ತಿ "ಇನ್ನು ಹೋಗಲ್ಲ ನೋಡ್ರಿ" ಎನ್ನುತ್ತಾನೆ. ನಿಜ, ಫ್ಯೂಸು ಇನ್ನು ಹೋಗುವುದಿಲ್ಲ. ಬಿಸಿಯಾಗುವುದು ಪರದೆಗೆ ಒರಗಿ ಹೋದ ವೈರು. ಫ್ಯೂಸು ನಮ್ಮ ಶತ್ರುವಲ್ಲ, ಕಾವಲುಗಾರ. ಕೂಗಿದನೆಂದು ಕಾವಲುಗಾರನ ಬಾಯಿ ಹೊಲಿದಂತಾಯಿತು.

ಹಿಂದೆ ಹವ್ಯಾಸಿ ತಂಡಗಳು ಉಪ್ಪುನೀರಿನ ಡಿಮ್ಮರ್ ಇಟ್ಟುಕೊಳ್ಳುತ್ತಿದ್ದವು. ಹಿರಿಯರು ನೋಡಿರಬಹುದು. ಪಾತ್ರೆಯಲ್ಲಿ ಉಪ್ಪುನೀರು, ಅದರಲ್ಲಿ ಎರಡು ಲೋಹದ ತಗಡು. ಒಂದನ್ನು ಮೇಲೆ ಕೆಳಗೆ ಮಾಡಿದರೆ ಬೆಳಕು ಏರುತ್ತದೆ, ಇಳಿಯುತ್ತದೆ. ಬಡವರ ಬುದ್ಧಿವಂತಿಕೆಗೆ ಅದೊಂದು ಸಾಕ್ಷಿ, ಅದನ್ನು ಹೀಯಾಳಿಸಲು ನಾವು ಸಿದ್ಧರಿಲ್ಲ. ಆದರೆ ಆ ನೀರಿನಲ್ಲಿ ಜೀವಂತ ಕರೆಂಟು ಇರುತ್ತಿತ್ತು, ಪಕ್ಕದಲ್ಲಿ ಬರಿಗಾಲಿನ ಹುಡುಗ ಕುಳಿತಿರುತ್ತಿದ್ದ. ಈಗ ಎಲ್‌ಇಡಿ ದೀಪಗಳು ಬಂದಿವೆ. ಬಿಸಿ ಕಡಿಮೆ, ಎಳೆಯುವ ಕರೆಂಟು ಕಡಿಮೆ. ಒಳ್ಳೆಯದೇ. ಆದರೆ ತಲೆಯ ಮೇಲೆ ತೂಗುವ ಭಾರ ಹೋಗಿಲ್ಲವಲ್ಲ!

ಹಗ್ಗದ ಮಾತು ಇಲ್ಲಿಯೇ ಮುಗಿಸುತ್ತೇವೆ. ಹಗ್ಗಕ್ಕೆ ಗಂಟು ಹಾಕಿದ ಜಾಗದಲ್ಲಿ ಅದರ ಶಕ್ತಿ ಅರ್ಧದಷ್ಟು ಇಳಿಯಬಹುದು. ಕಡಿದುಹೋಗುವ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಜನರ ತಲೆಯ ಮೇಲೆ ತೂಗಹಾಕಬಾರದು. ಸಂತೆಯಲ್ಲಿ ಸಿಗುವ ಬಣ್ಣದ ಪ್ಲಾಸ್ಟಿಕ್ ಹಗ್ಗ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ಹ್ಯಾಲೋಜನ್ ಬಲ್ಬಿನ ಗಾಜು ಅದಕ್ಕಿಂತ ಹೆಚ್ಚು ಕಾಯುತ್ತದೆ. ಆದ್ದರಿಂದ ದೀಪಕ್ಕೆ ಕ್ಲಾಂಪು ಒಂದು, ಅದು ಜಾರಿದರೆ ಹಿಡಿಯಲು ಬೇರೆಯಾಗಿ ಕಟ್ಟಿದ ಉಕ್ಕಿನ ಸರಪಳಿ ಒಂದು. ದುಬಾರಿ ಏನಲ್ಲ.

ಇನ್ನು ಬೆಂಕಿ. 1903ರ ಡಿಸೆಂಬರ್ 30ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಇರೋಕ್ವಾ ಎಂಬ ಥಿಯೇಟರಿಗೆ ಬೆಂಕಿ ಬಿತ್ತು. ತೆರೆದು ಐದಾರು ವಾರ ಮಾತ್ರ ಆಗಿದ್ದ ಕಟ್ಟಡ. ಬೆಂಕಿ ಸುಡಲಾರದ ಥಿಯೇಟರ್ ಎಂದು ಜಾಹೀರಾತು ಮಾಡಿದ್ದರು. ಮಧ್ಯಾಹ್ನದ ಆಟ, ರಜೆಯ ದಿನಗಳು. ಹೆಂಗಸರು ಮಕ್ಕಳೇ ಹೆಚ್ಚು. ಒಂದು ಆರ್ಕ್ ದೀಪದ ಕಿಡಿ ಪರದೆಯ ಬಟ್ಟೆಗೆ ತಾಗಿತು. ಅಲ್ಲಿದ್ದ ಕೆಲಸಗಾರನ ಕೈಯಲ್ಲಿ ಇದ್ದದ್ದು ಪುಡಿ ತುಂಬಿದ ಕೊಳವೆ. ಎರಚಿದ, ಪುಡಿ ಅಷ್ಟು ಎತ್ತರಕ್ಕೆ ಹೋಗಲಿಲ್ಲ. ಬೆಂಕಿ ತಡೆಯುವ ಪರದೆಯನ್ನು ಇಳಿಬಿಟ್ಟರು, ಅರ್ಧದಲ್ಲಿ ಸಿಕ್ಕಿಕೊಂಡಿತು. ನಟನಟಿಯರು ಪ್ರಾಣ ಉಳಿಸಿಕೊಳ್ಳಲು ಹಿಂದಿನ ಬಾಗಿಲು ತೆರೆದರು. ತಣ್ಣನೆಯ ಗಾಳಿ ನುಗ್ಗಿ, ಜ್ವಾಲೆ ಆ ಅರ್ಧ ಪರದೆಯ ಕೆಳಗಿಂದ ಜನರ ಮೇಲೆ ಹಾರಿತು. ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವಕ್ಕೆ ಜನ ಕಂಡರಿಯದ ಚಿಲಕ. ಸತ್ತವರು ಆರುನೂರಕ್ಕೂ ಮೇಲೆ. ಆ ಥಿಯೇಟರಿನಲ್ಲಿ ದುಡಿಯುತ್ತಿದ್ದವರಿಗೆ ಬೆಂಕಿ ಬಿದ್ದರೆ ಯಾರು ಎಲ್ಲಿ ನಿಲ್ಲಬೇಕು ಎಂಬ ಅಭ್ಯಾಸವನ್ನೇ ಮಾಡಿಸಿರಲಿಲ್ಲ. ಕಟ್ಟಡಕ್ಕೆ ಅಮೃತಶಿಲೆ ಹಾಕಿಸಲು ದುಡ್ಡಿತ್ತು.

ಅದು ದೂರದ ದೇಶ, ಹಳೆಯ ಕಾಲ ಎನ್ನುವಿರೇನೋ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಸುಟ್ಟು 92 ಜನ ಸತ್ತರು, ಬಹುಪಾಲು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕಥೆಯ ದೂರದರ್ಶನ ಧಾರಾವಾಹಿಯ ಚಿತ್ರೀಕರಣ. ಸಡಿಲವಾದ ವೈರಿಂಗು, ಗಾಳಿ ಹೋಗಲು ಕಿಂಡಿ ಇಲ್ಲ, ಗೋಡೆಗೆಲ್ಲ ಗೋಣಿಚೀಲ, ದೊಡ್ಡ ದೊಡ್ಡ ದೀಪಗಳ ಕಾವು. 62 ಜನ ಬೆಂದುಹೋದರು. ಸುಟ್ಟಗಾಯದಿಂದ ತಿಂಗಳುಗಟ್ಟಲೆ ನರಳಿ ಎದ್ದ ನಾಯಕನಟನ ಹೆಸರು ನಿಮಗೆ ಗೊತ್ತು. ಸತ್ತ ಕೆಲಸಗಾರರಲ್ಲಿ ಒಬ್ಬನ ಹೆಸರು ಇಲ್ಲಿ ಯಾರಿಗಾದರೂ ನೆನಪಿದೆಯೆ? ನಮಗೂ ಇಲ್ಲ.

ಗೋಣಿ, ಹತ್ತಿಬಟ್ಟೆ ಎಂದರೆ ಏನೆಂದು ಬ್ಲೋ ರೂಮಿನಲ್ಲಿ ಕೆಲಸ ಮಾಡುವವರಿಗೆ ನಾವು ಹೇಳಬೇಕಾಗಿಲ್ಲ. ಒಂದು ಕಿಡಿ ಸಾಕು. ಆದರೆ ಹತ್ತಿಯ ಪರದೆಗೆ ಒಂದು ಸುಲಭದ ಉಪಾಯವಿದೆ. ಅಕ್ಕಸಾಲಿಗರು ಬಳಸುವ ಬಿಳಿಗಾರ ಒಂದು ಕಿಲೋ, ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪುಡಿ ಅರ್ಧ ಕಿಲೋಕ್ಕೆ ತುಸು ಕಡಿಮೆ, ಹತ್ತು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಪರದೆಯನ್ನು ಅದ್ದಿ ಒಣಗಿಸಬೇಕು. ಅಂಚಿನ ಒಂದು ಚೂರನ್ನು ಕತ್ತರಿಸಿ ಬಯಲಿಗೆ ತಂದು ಕಡ್ಡಿ ಗೀರಿ ನೋಡಿರಿ. ಕರಿಯಾಗುತ್ತದೆ, ಉರಿ ಹಬ್ಬುವುದಿಲ್ಲ. ಪರದೆ ಒಗೆದರೆ ಮದ್ದೂ ಹೋಯಿತು, ಮತ್ತೆ ಅದ್ದಬೇಕು. ಪಾಲಿಯೆಸ್ಟರ್ ಬಟ್ಟೆಗೆ ಇದು ನಡೆಯುವುದಿಲ್ಲ, ಅದು ಕರಗಿ ಮೈಗೆ ಅಂಟುತ್ತದೆ. ನಮ್ಮ ಗಂಧಿಗೆ ಅಂಗಡಿಯವರೊಬ್ಬರು ಮೊನ್ನೆ ಬಿಳಿಗಾರವನ್ನು ಅಸಲಿಗೆ ಕೊಡುತ್ತೇವೆಂದರು. ಅವರ ಹೆಸರು ಹೇಳಬೇಡಿರೆಂದು ಹೇಳಿದ್ದಾರೆ, ಹೇಳಿದರೆ ಗಣೇಶೋತ್ಸವದವರೂ ಬಂದು ನಿಲ್ಲುತ್ತಾರಂತೆ!

ತಾಂತ್ರಿಕ ಕೆಲಸ ಎಂದರೆ ಬರಿಯ ಅಪಾಯ ತಪ್ಪಿಸುವುದು ಎಂದು ತಿಳಿಯಬೇಡಿರಿ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯನ್ನು ವೀರಣ್ಣನವರು ಬೆಳೆಸಿ, ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆನೆ ನಿಲ್ಲುವ ಹಲಗೆಯನ್ನು ಹೊಡೆದ ಬಡಗಿಯೂ ಕಲಾವಿದನೇ. 1959ರಲ್ಲಿ ಕಲ್ಕತ್ತೆಯ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ ದತ್ತರು ಕಲ್ಲಿದ್ದಲ ಗಣಿಯ ಕೂಲಿಗಳ ಕಥೆಯಾದ 'ಅಂಗಾರ್' ಆಡಿಸಿದರು. ಗಣಿಯೊಳಗೆ ನೀರು ನುಗ್ಗಿ ಕೆಲಸಗಾರರು ಮುಳುಗುವ ದೃಶ್ಯ. ರಂಗದ ಮೇಲೆ ನೀರಿರಲಿಲ್ಲ. ತಾಪಸ್ ಸೇನರು ಬೆಳಕಿನಿಂದಲೇ ನೀರನ್ನು ಏರಿಸಿದರು. ಕೈ ಪಳಗಿದರೆ ದೀಪ ಕಟ್ಟುವವನು ಏನು ಮಾಡಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಬೇಕೆ?

ಕಲಿಸುವ ಜಾಗಗಳು ಇಲ್ಲದಿಲ್ಲ. ದೆಹಲಿಯಲ್ಲಿ 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ಆಯಿತು. ನಮ್ಮ ಹೆಗ್ಗೋಡಿನ ನೀನಾಸಂನವರು 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು, ನಟನೆಯ ಜೊತೆಗೆ ರಂಗಸಜ್ಜಿಕೆ, ಬೆಳಕು ಎಲ್ಲ ಹೇಳಿಕೊಡುತ್ತಾರೆ. ಅವರ ಕೆಲಸಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಡೇರೆ ಹಾಕುವ ಕಂಪನಿಗಳಲ್ಲಿ ಸೀನು ಎಳೆಯುವ ಹುಡುಗ ವರ್ಷಗಟ್ಟಲೆ ದುಡಿಮೆ ಬಿಟ್ಟು ಕಲಿಯಲು ಹೋಗಲಾರ. ಅವನು ಕಲಿಯುವುದು ಮುಂಚಿನವನನ್ನು ನೋಡಿ. ಮುಂಚಿನವನು ಸರಿಯಾಗಿ ಮಾಡಿದ್ದರೆ ಅವನ ಭಾಗ್ಯ. ಐಟಿಐನಲ್ಲಿ ಎಲೆಕ್ಟ್ರೀಷಿಯನ್ ಪಾಠ ಇದೆ, ಪರದೆಯ ಮಧ್ಯೆ ಕತ್ತಲಲ್ಲಿ ಏಣಿಯ ಮೇಲೆ ನಿಂತು ಮಾಡುವ ಕೆಲಸದ ಪಾಠ ಅಲ್ಲಿಲ್ಲ.

ಆದ್ದರಿಂದ ಮಂಡಳಿಯ ಮುಂದೆ ನಮ್ಮದೊಂದು ಸೂಚನೆ. ಎಂಟು ಭಾನುವಾರ, ದಿನಕ್ಕೆ ಮೂರು ಗಂಟೆ, ಈ ಸಭಾಂಗಣದಲ್ಲೇ. ನಿಮ್ಮ ಮಿಲ್ಲಿನ ಲೈಸೆನ್ಸು ಇರುವ ವೈರ್‌ಮನ್ ಇಬ್ಬರು ಕರೆಂಟಿನ ಪಾಠ ಹೇಳಲು ಒಪ್ಪಿದ್ದಾರೆ. ಶಾಕ್ ಹೊಡೆದವನನ್ನು ಮುಟ್ಟುವ ಮೊದಲು ಮೇನ್ ತೆಗೆಯುವುದು, ಅದು ಸಿಗದಿದ್ದರೆ ಒಣಗಿದ ಮರದಿಂದ ಬಿಡಿಸುವುದು, ಉಸಿರು ನಿಂತವನ ಎದೆ ಒತ್ತುವುದು, ಇದನ್ನು ಎಲ್ಲರೂ ಕೈಯಾರೆ ಮಾಡಿ ಕಲಿಯಬೇಕು, ಹೆಣ್ಣುಮಕ್ಕಳೂ ಬರಬೇಕು. ಅಗ್ನಿಶಾಮಕ ಠಾಣೆಯವರು ಪ್ರತಿ ವರ್ಷ ಏಪ್ರಿಲ್ 14ರಿಂದ ಒಂದು ವಾರ ಊರೂರಿನಲ್ಲಿ ಬೆಂಕಿ ಆರಿಸಿ ತೋರಿಸುತ್ತಾರೆ. ಅರ್ಜಿ ಕೊಟ್ಟು ಅವರನ್ನು ಇಲ್ಲಿಗೇ ಕರೆಸೋಣ. ಪಾಠಕ್ಕೆ ಬರುವ ದಿನಗೂಲಿ ಹುಡುಗರಿಗೆ ಆ ಮೂರು ಗಂಟೆಯ ಕೂಲಿ ಕೊಡಬೇಕು. ಪುಕ್ಕಟೆ ಕಲಿಸುತ್ತೇವೆಂದರೆ ಅವರು ಬರುವುದಿಲ್ಲ, ಬರಲಾರರು. ಆ ಹೊತ್ತಿಗೆ ಅವರ ಮನೆಯಲ್ಲಿ ಅಕ್ಕಿ ಬೇಕು.

ಖರ್ಚು ಎಲ್ಲಿಂದ ಎಂದು ಕಾರ್ಯದರ್ಶಿಗಳು ಈಗಲೇ ನಮ್ಮ ಕಡೆ ನೋಡುತ್ತಿದ್ದಾರೆ. ನಾಟಕದ ಮೊದಲ ಸಾಲಿನ ಟಿಕೆಟ್ಟಿಗೆ ಹತ್ತು ರೂಪಾಯಿ ಏರಿಸಿರಿ. ಮುಂದಿನ ಸಾಲಿನಲ್ಲಿ ಕೂರುವವರು ಬೆಂಕಿಗೂ ಹತ್ತಿರ ಕೂರುತ್ತಾರೆ, ತಕರಾರು ಮಾಡಲಾರರು. ಉಳಿದದ್ದಕ್ಕೆ ನಮ್ಮ ಪಕ್ಷದ ಕಚೇರಿಯಲ್ಲಿ ರಸೀತಿ ಪುಸ್ತಕ ಇಡುತ್ತೇವೆ.

ಮಂಡಳಿಯ ಕೆಲವು ಗೆಳೆಯರು, ಮುಂದಿನ ತಿಂಗಳ ನಾಟಕ ಆಗಿಬಿಡಲಿ, ಆಮೇಲೆ ಪಾಠ ನೋಡೋಣ ಎನ್ನುತ್ತಿದ್ದಾರೆಂದು ಕೇಳಿದೆವು. ಇಲ್ಲಿಗೆ ಬರುವ ಮೊದಲು ಆ ಕಡೆಯ ಬಾಗಿಲನ್ನು ನೋಡಿ ಬಂದೆವು. ಒಳಕ್ಕೆ ತೆರೆಯುತ್ತದೆ, ಮುಂದೆ ಕುರ್ಚಿಗಳನ್ನು ಪೇರಿಸಿದ್ದೀರಿ. ಕುರ್ಚಿಗಳನ್ನು ಈ ರಾತ್ರಿಯೇ ತೆಗೆಯಿರಿ. ಬಾಗಿಲನ್ನು ಹೊರಕ್ಕೆ ತಿರುಗಿಸಲು ಬಡಗಿಯವರು ನಾಳೆ ಬೆಳಿಗ್ಗೆ ಬರುತ್ತಾರೆ, ಯಾರಾದರೊಬ್ಬರು ಬೀಗದ ಕೈ ಹಿಡಿದು ಏಳು ಗಂಟೆಗೆ ಇಲ್ಲಿರಬೇಕು. ಪಾಠಕ್ಕೆ ಹೆಸರು ಕೊಡುವವರು ಬಾಗಿಲ ಹತ್ತಿರದ ಮೇಜಿನ ಬಳಿ ಬರೆಸಬಹುದು. ಒಂದು ಹೆಸರು ಆಗಲೇ ಬರೆದಿದೆ. ಎರಡು ಬೆರಳು ಮಡಚದವನು ಬರೆದದ್ದು, ಅಕ್ಷರ ಸ್ವಲ್ಪ ಸೊಟ್ಟಗಿದೆ.